ಇಂಚಾನ್‌ನಲ್ಲಿ ದುಡಿದು ಬಂದ ಪಿಚರ್

29 ಅಕ್ಟೋಬರ್ 2023, ಭಾನುವಾರ
ಚಾಂಡ್ಲರ್, ಅರಿಜೋನಾ

ಬೆಳಿಗ್ಗೆ ಎಂಟು ದಾಟುವಷ್ಟರಲ್ಲಿ ಲಖನೌದಲ್ಲಿ ಇಂಗ್ಲೆಂಡ್ ಕಥೆ ಮುಗಿಯಿತು. ಬರೀ 229 ಹೊಡೆದು 100 ರನ್ನಿನಿಂದ ಗೆದ್ದೆವು. ಶಮಿಗೆ ನಾಲ್ಕು, ಬುಮ್ರಾಗೆ ಮೂರು. ರಾತ್ರಿ ಒಂದೂವರೆಗೆ ಶುರುವಾದ ಮ್ಯಾಚು, ಅರ್ಧ ನಿದ್ದೆಯಲ್ಲಿ ನೋಡಿದ್ದಾಯಿತು. ವಾಟ್ಸಾಪ್ ಗುಂಪಿನಲ್ಲಿ ಇನ್ನೂ ಅದರದ್ದೇ ಗದ್ದಲ. ನನ್ನ ತಲೆಯಲ್ಲಿ ಮಾತ್ರ ನಿನ್ನೆ ಸಂಜೆಯ ಬೇಸ್‌ಬಾಲ್ ಕೂತುಬಿಟ್ಟಿದೆ.

ಊರಿನ ತಂಡ ವರ್ಲ್ಡ್ ಸೀರೀಸ್‌ಗೆ, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್‌ಗೆ ಹೋಗಿದೆ. ಎದುರಾಳಿ ಟೆಕ್ಸಾಸ್ ರೇಂಜರ್ಸ್, ಮೊದಲ ಎರಡು ಪಂದ್ಯ ಅವರ ಊರು ಆರ್ಲಿಂಗ್ಟನ್‌ನಲ್ಲಿ. 1998ರಲ್ಲಿ ಶುರುವಾದ ತಂಡ ಅರಿಜೋನಾ ಡೈಮಂಡ್‌ಬ್ಯಾಕ್ಸ್. ಇಲ್ಲಿಯ ತನಕ ಗೆದ್ದಿದ್ದು ಒಂದೇ ಸಲ, 2001ರಲ್ಲಿ. ಈ ಸಲ 162 ಪಂದ್ಯದಲ್ಲಿ 84 ಗೆದ್ದು ಹೇಗೋ ನುಸುಳಿಕೊಂಡು ಬಂದಿದ್ದಾರೆ. ಶುಕ್ರವಾರ ಮೊದಲ ಪಂದ್ಯವನ್ನು ಗೆದ್ದೇಬಿಟ್ಟೆವು ಅನ್ನುವಾಗ ಅವರ ಕೋರಿ ಸೀಗರ್ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದು ಸಮ ಮಾಡಿದ. ಹನ್ನೊಂದನೆಯದರಲ್ಲಿ ಗಾರ್ಸಿಯಾ ಇನ್ನೊಂದು ಹೊಡೆದು ಮುಗಿಸಿದ. ಪಕ್ಕದ ಮನೆಯ ಅಜ್ಜ ಶನಿವಾರ ಬೆಳಿಗ್ಗೆ ಕಸದ ಡಬ್ಬಿ ಎಳೆದುಕೊಂಡು ಹೋಗುವಾಗ ನನ್ನ ಮುಖ ಕೂಡ ನೋಡಲಿಲ್ಲ.

ಎರಡನೇ ಪಂದ್ಯಕ್ಕೆ ನಮ್ಮ ಕಡೆಯಿಂದ ಎಸೆಯಲು ಚೆಂಡು ಹಿಡಿದವನು ಮೆರಿಲ್ ಕೆಲ್ಲಿ. ವಯಸ್ಸು 35.

ಐದು ಗಂಟೆಗೆ ಆಟ ಶುರುವಾಗಬೇಕು, ಅಷ್ಟರಲ್ಲಿ ಸಾಗರದಿಂದ ಅಮ್ಮನ ಫೋನು. ಅಲ್ಲಿ ಭಾನುವಾರ ಬೆಳಗಿನ ಜಾವ. ಭೂಮಿ ಹುಣ್ಣಿಮೆಗೂ ಚಂದ್ರಗ್ರಹಣಕ್ಕೂ ಒಟ್ಟಿಗೇ ಗಂಟುಬಿದ್ದು ರಾತ್ರಿಯಿಡೀ ನಿದ್ದೆ ಇಲ್ಲವಂತೆ. ಗ್ರಹಣ ಬಿಟ್ಟ ಮೇಲೆ ಸ್ನಾನ ಮುಗಿಸಿ ಫೋನ್ ಹಚ್ಚಿದ್ದಾಳೆ. "ಎಂತದು ಮಾರಾಯ ಅಷ್ಟು ಗಲಾಟೆ ಟಿವಿಯಲ್ಲಿ?" ಎಂದಳು. ಬೇಸ್‌ಬಾಲ್ ಅಂದೆ. "ಅದೂ ನೋಡ್ತೀಯಾ ಈಗ!" ಅಂತ ನಕ್ಕು, ಸೊಸೆಗೆ ಕೊಡು ಅಂದಳು. ಬಚಾವ್.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಪಿಚರ್ ನಿಂತಲ್ಲಿಂದಲೇ ಎಸೆಯುತ್ತಾನೆ, ಓಡಿ ಬರುವ ಹಾಗಿಲ್ಲ. ಮಣ್ಣಿನ ದಿಬ್ಬದ ಮೇಲೆ ನಿಲ್ಲುವ ಅವನಿಗೂ ಬ್ಯಾಟ್ಸ್‌ಮನ್ ಮುಂದಿನ ಪ್ಲೇಟಿಗೂ ನಡುವೆ 60 ಅಡಿ 6 ಇಂಚು. ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಒಂದೊಂದರಲ್ಲಿ ಪ್ರತಿ ತಂಡಕ್ಕೂ ಮೂರು ಔಟ್. ಶುರುಮಾಡುವ ಪಿಚರ್ ಐದಾರು ಇನ್ನಿಂಗ್ಸ್ ಎಸೆದು, ಹೆಚ್ಚು ರನ್ ಕೊಡದೆ ಹೊರಗೆ ಬಂದರೆ ಒಳ್ಳೆಯ ಕೆಲಸ. ಆಮೇಲೆ ನಾಲ್ಕೈದು ದಿನ ವಿಶ್ರಾಂತಿ.

ನಿನ್ನೆ ಕೆಲ್ಲಿ ಎಸೆದದ್ದು ಏಳು ಇನ್ನಿಂಗ್ಸ್. ಕೊಟ್ಟದ್ದು ಒಂದೇ ರನ್. ಒಂಬತ್ತು ಸ್ಟ್ರೈಕ್‌ಔಟ್, ಅಂದರೆ ಬ್ಯಾಟ್ಸ್‌ಮನ್ ಚೆಂಡು ಹೊಡೆಯಲಾಗದೆಯೇ ಔಟ್. ಗುರಿ ತಪ್ಪಿ ಎಸೆದು ಯಾರಿಗೂ ಸುಮ್ನೆ ಬೇಸ್ ಕೊಡಲಿಲ್ಲ. ಒಟ್ಟು 89 ಎಸೆತ. ಐದನೇ ಇನ್ನಿಂಗ್ಸ್‌ನಲ್ಲಿ ಟೆಕ್ಸಾಸ್‌ನ ಗಾರ್ವರ್ ಒಂದು ಚೆಂಡನ್ನು ಆಚೆ ಕಳಿಸಿದ್ದೊಂದೇ ಏಟು ಅನ್ನಬಹುದು. ಸ್ಕೋರ್ ಕೊನೆಗೆ 9-1 ಆಯಿತು, ಏಕಪಕ್ಷೀಯ ಅಂತ ಕಾಣಿಸುತ್ತದೆ. ಆದರೆ ಆರನೇ ಇನ್ನಿಂಗ್ಸ್ ಮುಗಿಯುವ ತನಕ ಅದು 2-1. ಒಂದು ತಪ್ಪು ಎಸೆತಕ್ಕೆ ಎಲ್ಲ ತಲೆಕೆಳಗಾಗುವ ಸ್ಥಿತಿ.

ಅವನ ವೇಗ ಜಾಸ್ತಿ ಏನಿಲ್ಲ. ಗಂಟೆಗೆ 92-93 ಮೈಲಿ. ಈಗಿನ ಕಾಲದಲ್ಲಿ 98 ಎಸೆಯುವ ಹುಡುಗರು ಬೇಕಾದಷ್ಟು ಸಿಗುತ್ತಾರೆ. ಇವನ ಅಸ್ತ್ರ ಚೇಂಜಪ್. ಕೈ ಬೀಸುವುದು ವೇಗದ ಎಸೆತಕ್ಕೆ ಬೀಸಿದ ಹಾಗೇ, ಚೆಂಡು ಬರುವುದು ನಿಧಾನ, ಕೊನೆಯಲ್ಲಿ ತಗ್ಗಿಬಿಡುತ್ತದೆ. ನಮ್ಮ ವೆಂಕಟೇಶ್ ಪ್ರಸಾದ್ ಸ್ಲೋ ಬಾಲ್ ನೋಡಿದವರಿಗೆ ಈ ಮೋಸ ಬಿಡಿಸಿ ಹೇಳಬೇಕಿಲ್ಲ. ಇದರ ಜೊತೆ ಬೇರೆ ಬೇರೆ ತಿರುವಿನ ಎಸೆತಗಳು: ಕಟರ್, ಸಿಂಕರ್, ಕರ್ವ್, ಸ್ಲೈಡರ್. ಒಂದು ದಿನ ಒಂದು ಕೆಲಸ ಮಾಡದಿದ್ದರೆ ಇನ್ನೊಂದನ್ನು ತೆಗೆಯುತ್ತಾನೆ.

ಇನ್ನು ನನ್ನ ತಕರಾರಿಗೆ ಬರುತ್ತೇನೆ.

ಟಿವಿಯವರು ರಾತ್ರಿಯೆಲ್ಲ ಒಂದೇ ಮಾತು ಹೇಳಿದರು. ಇವನನ್ನು ಯಾರೂ ಕೇಳುವವರಿರಲಿಲ್ಲ, ಕೊರಿಯಾಗೆ ಹೋಗಿ ಕಷ್ಟಪಟ್ಟ, ಕನಸು ಬಿಡಲಿಲ್ಲ, ನೋಡಿ ಈಗ ಎಲ್ಲಿದ್ದಾನೆ. ಕೊರಿಯಾ ಅಂದರೆ ಏನೋ ವನವಾಸ ಅನ್ನುವ ಹಾಗೆ! ನನಗೆ ಸಿಟ್ಟು ಬಂತು. ಅವನು ನಾಲ್ಕು ವರ್ಷ ಅಲ್ಲಿ ನೌಕರಿ ಮಾಡಿದ್ದಾನೆ ಸ್ವಾಮಿ. ಸಂಬಳ ತೆಗೆದುಕೊಂಡು, ಚೆನ್ನಾಗಿ ಮಾಡಿದ್ದಾನೆ.

ಕೆಲ್ಲಿ ಓದಿದ್ದೆಲ್ಲ ನಮ್ಮ ಸುತ್ತಮುತ್ತಲೇ. ಸ್ಕಾಟ್ಸ್‌ಡೇಲ್‌ನಲ್ಲಿ ಹೈಸ್ಕೂಲು, ಯಾವಪೈ ಕಾಲೇಜು, ಆಮೇಲೆ ಅರಿಜೋನಾ ಸ್ಟೇಟ್. 2010ರಲ್ಲಿ ಟ್ಯಾಂಪಾ ಬೇ ರೇಸ್ ತಂಡ ಎಂಟನೇ ಸುತ್ತಿನಲ್ಲಿ ಆರಿಸಿತು. ಅಲ್ಲಿಂದ ಮೆಟ್ಟಿಲು ಹತ್ತುತ್ತಾ 2014ರಲ್ಲಿ ಡರ್‌ಹಮ್‌ಗೆ ಬಂದ. ಅದು ಟ್ರಿಪಲ್ ಎ, ಇಲ್ಲಿನ ಅತಿ ದೊಡ್ಡ ಲೀಗಾದ ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗೆ. ಆ ವರ್ಷ 9 ಗೆಲುವು, 4 ಸೋಲು, ಸರಾಸರಿ 2.76. ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಮೂರು ರನ್ ಕೂಡ ಕೊಟ್ಟಿಲ್ಲ. ಆದರೂ ರೇಸ್ ತಂಡ ಅವನ ಹೆಸರನ್ನು 40 ಜನರ ಪಟ್ಟಿಗೆ ಸೇರಿಸಲಿಲ್ಲ. ಆ ಪಟ್ಟಿಯಲ್ಲಿ ಇಲ್ಲದವನಿಗೆ ಮೇಲೆ ಜಾಗ ಇಲ್ಲ. ಟ್ರಿಪಲ್ ಎ ಸಂಬಳ ಆಗ ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಡಾಲರಿನಿಂದ ಶುರು, ಅದೂ ಆಟ ನಡೆಯುವ ತಿಂಗಳುಗಳಿಗೆ ಮಾತ್ರ. 26 ವರ್ಷದ ಹುಡುಗ ಏನು ಮಾಡಬೇಕು? ಕೊರಿಯಾದ ಇಂಚಾನ್ ಊರಿನ ತಂಡ ಎಸ್‌ಕೆ ವೈವರ್ನ್ಸ್ ಕರೆಯಿತು, ಹೋದ. ಮೇಜರ್ ಲೀಗಿನಲ್ಲಿ ಒಂದು ಚೆಂಡೂ ಎಸೆಯದೆ ಹೋದ. ಅಷ್ಟು ಚಿಕ್ಕ ವಯಸ್ಸಿಗೆ ಹಾಗೆ ಹೋಗುವವರು ಕಡಿಮೆ. ಸಾಮಾನ್ಯವಾಗಿ ಇಲ್ಲಿ ಏಳೆಂಟು ಊರು ಸುತ್ತಿ, ಬಾಗಿಲೆಲ್ಲ ಮುಚ್ಚಿದ ಮೇಲೆ ಹೋಗುತ್ತಾರೆ.

ಅಲ್ಲಿನ ತಂಡಗಳೆಲ್ಲ ಕಂಪನಿಗಳ ಹೆಸರಲ್ಲಿ. ಸ್ಯಾಮ್ಸಂಗ್, ಎಲ್‌ಜಿ, ಕಿಯಾ, ದೂಸಾನ್. ಎಸ್‌ಕೆ ಅಂದರೆ ಚಿಪ್ ಉದ್ಯಮದ ನಮ್ಮಂಥವರಿಗೆಲ್ಲ ಮೆಮೊರಿ ಮಾಡುವವರು ಅಂತಲೇ ನೆನಪಾಗುವುದು. ಆಗ ಒಂದು ತಂಡದಲ್ಲಿ ಮೂವರೇ ವಿದೇಶಿಯರು, ಮೂವರೂ ಪಿಚರ್ ಆಗುವಂತಿರಲಿಲ್ಲ. ಹಾಗಾಗಿ ಹತ್ತು ತಂಡ ಸೇರಿದರೂ ವಿದೇಶಿ ಪಿಚರ್‌ಗಳಿಗೆ ಇದ್ದದ್ದು ಇಪ್ಪತ್ತೇ ಕುರ್ಚಿ. ಒಪ್ಪಂದ ಸಾಮಾನ್ಯವಾಗಿ ಒಂದೇ ವರ್ಷದ್ದು. ಜೂನ್‌ನಲ್ಲಿ ನಾಲ್ಕು ಪಂದ್ಯ ಕೆಟ್ಟರೆ ಜುಲೈನಲ್ಲಿ ಬೇರೆಯವನು ಬಂದು ಕೂತಿರುತ್ತಾನೆ. ಇರುವ ಇಬ್ಬರು ವಿದೇಶಿ ಪಿಚರ್‌ಗಳೇ ಗೆಲ್ಲಿಸಿಕೊಡಬೇಕು ಅನ್ನುವುದು ಅಭಿಮಾನಿಗಳ ಲೆಕ್ಕ. ಊರಿನ ಹುಡುಗ ಕಲಿಯುತ್ತಾನೆ ಅಂತ ಕಾಯುತ್ತಾರೆ. ಹೊರಗಿನವನು ಕಲಿತೇ ಬಂದಿರಬೇಕು. ಎಚ್-1ಬಿ ವೀಸಾ ಕಾಗದ ಇಟ್ಟುಕೊಂಡು ಬದುಕುವ ನನ್ನಂಥವನಿಗೆ ಇದೇನೂ ಹೊಸದಲ್ಲ, ಅಲ್ವಾ?

ಕೆಲ್ಲಿಯನ್ನು ಒಂದು ಸಲ ಅಲ್ಲ, ಮತ್ತೆ ಮತ್ತೆ ಕರೆದರು. ನಾಲ್ಕು ಸೀಸನ್, 119 ಪಂದ್ಯ, 48 ಗೆಲುವು, 32 ಸೋಲು. 2016ರಲ್ಲಿ ಇನ್ನೂರು ಇನ್ನಿಂಗ್ಸ್ ಎಸೆದರೂ ಗೆದ್ದದ್ದು ಒಂಬತ್ತೇ, ತಂಡದವರು ರನ್ ಹೊಡೆದುಕೊಡಲಿಲ್ಲ. ಮರುವರ್ಷ 16 ಗೆಲುವು, 189 ಸ್ಟ್ರೈಕ್‌ಔಟ್, ಇಡೀ ಲೀಗಿಗೇ ಜಾಸ್ತಿ. 2018ರಲ್ಲಿ ದೂಸಾನ್ ತಂಡವನ್ನು 4-2ರಿಂದ ಸೋಲಿಸಿ ಅಲ್ಲಿನ ಫೈನಲ್ ಆದ ಕೊರಿಯನ್ ಸೀರೀಸ್ ಗೆದ್ದರು. ಮೂರನೇ ಪಂದ್ಯ ಗೆಲ್ಲಿಸಿಕೊಟ್ಟವನು ಇವನೇ. ಸೋಲ್‌ನ ಜಾಮ್ಸಿಲ್ ಮೈದಾನದಲ್ಲಿ ನಡೆದ ಆರನೇ ಪಂದ್ಯವನ್ನೂ ಇವನೇ ಶುರುಮಾಡಿದ್ದ, ಅದು ಹದಿಮೂರನೇ ಇನ್ನಿಂಗ್ಸ್ ತನಕ ಎಳೆದು ಹಾನ್ ಡಾಂಗ್-ಮಿನ್ ಹೋಮ್ ರನ್‌ನಲ್ಲಿ ಮುಗಿಯಿತು.

ಅವನಿದ್ದ ಮುನ್ಹಾಕ್ ಮೈದಾನವನ್ನು ನಾನು ನೋಡಿದ್ದೇನೆ. ಆಫೀಸಿನ ಕೆಲಸಕ್ಕೆ ಹೋಗಿದ್ದಾಗ ಇಂಚಾನ್ ಮೂಲದ ಸಹೋದ್ಯೋಗಿ ಕರೆದುಕೊಂಡು ಹೋಗಿದ್ದ. ಅವತ್ತು ಕೆಲ್ಲಿಯ ಸರದಿ ಇರಲಿಲ್ಲ, ಒಬ್ಬ ಕೊರಿಯನ್ ಹುಡುಗ ಎಸೆದ. ಅಲ್ಲಿ ಪ್ರೇಕ್ಷಕರ ಜಾಗದಲ್ಲೇ ಒಲೆ ಇಟ್ಟು ಮಾಂಸ ಸುಡುವ ವ್ಯವಸ್ಥೆ ಇದೆ. ಪಕ್ಕದಲ್ಲಿ ಹೊಗೆ, ಕೈಯಲ್ಲಿ ಬಿಯರ್, ನನ್ನ ತಟ್ಟೆಯಲ್ಲಿ ಬರೀ ಲೆಟಸ್ ಎಲೆ ಮತ್ತು ಸುಟ್ಟ ಬೆಳ್ಳುಳ್ಳಿ. ಚೆನ್ನಾಗಿತ್ತು.

ಅಲ್ಲಿ ಗಮನಿಸಿದ್ದು ಒಂದಿದೆ. ಪ್ರತಿ ಬ್ಯಾಟ್ಸ್‌ಮನ್‌ಗೂ ಒಂದು ಹಾಡು. ಡೋಲು, ಕುಣಿತ, ಸಾವಿರಾರು ಜನ ಎದ್ದು ನಿಂತು ಹಾಡುವುದು. ಆದರೆ ಗಲಾಟೆಯೆಲ್ಲ ತಮ್ಮ ತಂಡ ಬ್ಯಾಟ್ ಮಾಡುವಾಗ. ಪಿಚರ್ ದಿಬ್ಬ ಹತ್ತಿದಾಗ ಅವನ ಕಡೆಯವರು ಕೂತು ತಿನ್ನುತ್ತಾರೆ, ಎದುರಾಳಿಯ ಜನ ಹಾಡುತ್ತಾರೆ. ಅಂದರೆ ಸ್ವಂತ ಮೈದಾನದಲ್ಲೂ ಪಿಚರ್ ಕಿವಿಗೆ ಬೀಳುವುದು ಎದುರಿನವರ ಹಾಡೇ. ಚೆಂಡು ಬ್ಯಾಟ್ಸ್‌ಮನ್ ಮೈಗೆ ತಾಗಿದರೆ ಟೋಪಿ ತೆಗೆದು ತಲೆಬಾಗುವ ರೂಢಿಯೂ ಇದೆ, ಎದುರಿಗಿರುವವನು ಹಿರಿಯನಾದರಂತೂ ಖಂಡಿತ. ಇಲ್ಲಿ ಅಮೆರಿಕದಲ್ಲಿ ಅದೇ ಆದರೆ ಇಬ್ಬರೂ ಗುರಾಯಿಸಿಕೊಳ್ಳುತ್ತಾರೆ.

ಹೀಗೆ ನಾಲ್ಕು ವರ್ಷ ಎದುರಿನವರ ಹಾಡು ಕೇಳಿ ಬಂದವನು ಈ ತಿಂಗಳು ಹಿಂದಿನ ಸುತ್ತಿನ ಎದುರಾಳಿ ಫಿಲಡೆಲ್ಫಿಯಾದ ಮೈದಾನದ ಗದ್ದಲದ ಬಗ್ಗೆ ಕೇಳಿದಾಗ, ಮಾರ್ಚ್‌ನಲ್ಲಿ ಮಯಾಮಿಯಲ್ಲಿ ಅಮೆರಿಕ ತಂಡ ವೆನೆಜುವೆಲಾ ವಿರುದ್ಧ ಆಡಿದಾಗ ಇದ್ದಷ್ಟು ಸದ್ದು ಅಲ್ಲಿರುತ್ತದೆ ಅಂತ ಅನ್ನಿಸುವುದಿಲ್ಲ ಎಂಬರ್ಥದಲ್ಲಿ ಹೇಳಿಬಿಟ್ಟ. ಫಿಲಡೆಲ್ಫಿಯಾ ಜನ ಬಿಡುತ್ತಾರಾ? ಅಲ್ಲಿಯ ಪಂದ್ಯದಲ್ಲಿ ಮೂರು ಹೋಮ್ ರನ್ ತಿಂದ, ತಂಡ 10-0 ಸೋತಿತು. ಆರು ದಿನ ಬಿಟ್ಟು ಅದೇ ಮೈದಾನದಲ್ಲಿ, ಸೋತರೆ ಮನೆಗೆ ಅನ್ನುವ ಪಂದ್ಯ. ಐದು ಇನ್ನಿಂಗ್ಸ್, ಒಂದೇ ರನ್, ಎಂಟು ಸ್ಟ್ರೈಕ್‌ಔಟ್. ಮ್ಯಾನೇಜರ್ ಲೊವುಲ್ಲೊ ಸಾಕು ಅಂದಾಗ ಡಗ್‌ಔಟ್‌ನಲ್ಲಿ ವಾದಕ್ಕೇ ಇಳಿದ. ನನಗೆ ಅವನು ಇಷ್ಟವಾದದ್ದು ಆವಾಗ.

ಡೈಮಂಡ್‌ಬ್ಯಾಕ್ಸ್ 2018ರ ಡಿಸೆಂಬರ್‌ನಲ್ಲಿ ಅವನಿಗೆ ಎರಡು ವರ್ಷಕ್ಕೆ 55 ಲಕ್ಷ ಡಾಲರ್ ಕೊಟ್ಟಿತು. 2019ರ ಏಪ್ರಿಲ್ 1ರಂದು ಸ್ಯಾನ್ ಡಿಯಾಗೊದಲ್ಲಿ ಮೊದಲ ಮೇಜರ್ ಲೀಗ್ ಪಂದ್ಯ, ವಯಸ್ಸು 30. ಆ ವರ್ಷ 13 ಗೆದ್ದು 14 ಸೋತ. ಮರುವರ್ಷ ಭುಜದಲ್ಲಿ ರಕ್ತ ಹೆಪ್ಪುಗಟ್ಟಿ ಆಪರೇಷನ್. ಅದೆಲ್ಲ ದಾಟಿ ಕಳೆದ ವರ್ಷ ಇನ್ನೆರಡು ವರ್ಷಕ್ಕೆ 1.8 ಕೋಟಿ ಡಾಲರಿನ ಹೊಸ ಒಪ್ಪಂದ. ಈ ವರ್ಷ ದೇಶಗಳ ನಡುವಿನ ಟೂರ್ನಿಯಾದ ವಿಶ್ವ ಕ್ಲಾಸಿಕ್ ಫೈನಲ್‌ನಲ್ಲಿ ಜಪಾನ್ ವಿರುದ್ಧ ಅಮೆರಿಕ ಮೊದಲ ಚೆಂಡು ಕೊಟ್ಟಿದ್ದೂ ಇವನಿಗೇ. ಎರಡನೇ ಇನ್ನಿಂಗ್ಸ್ ಮುಗಿಸಲಾಗಲಿಲ್ಲ, ಮುರಾಕಾಮಿ ಹೊಡೆದು ಕಳಿಸಿದ. ಆಟ ಅಂದಮೇಲೆ ಅದೂ ಇದ್ದದ್ದೇ.

ಆರ್ಲಿಂಗ್ಟನ್‌ಗೆ ಇಂಥವರು ಹೊಸಬರಲ್ಲ. ಟೆಕ್ಸಾಸ್ ತಂಡದ ಕೋಲ್ಬಿ ಲೂಯಿಸ್ ಹಿರೋಷಿಮಾದಲ್ಲಿ ಎರಡು ವರ್ಷ ಎಸೆದು ವಾಪಸು ಬಂದು, 2010ರ ವರ್ಲ್ಡ್ ಸೀರೀಸ್ ಪಂದ್ಯವೊಂದನ್ನು ಅದೇ ಊರಿನಲ್ಲಿ ಗೆಲ್ಲಿಸಿದ್ದ. ಇನ್ನು ಡಸ್ಟಿನ್ ನಿಪ್ಪರ್ಟ್. ನಮ್ಮ ಅರಿಜೋನಾದಲ್ಲೂ ಆಡಿದ, ಟೆಕ್ಸಾಸ್‌ನಲ್ಲೂ ಆಡಿದ, ಎಲ್ಲೂ ನೆಲೆ ಸಿಗಲಿಲ್ಲ. 2011ರಲ್ಲಿ ದೂಸಾನ್ ಸೇರಿದ. ಕೊರಿಯನ್ ಲೀಗಿನಲ್ಲಿ ನೂರು ಗೆಲುವು ಮುಟ್ಟಿದ ಮೊದಲ ವಿದೇಶಿ ಅವನೇ, ಒಟ್ಟು 102. 2016ರಲ್ಲಿ 22 ಗೆದ್ದು ಎಂವಿಪಿ, ಅಂದರೆ ಲೀಗಿನ ಅತ್ಯುತ್ತಮ ಆಟಗಾರ ಆದ. ಆಟ ಬಿಟ್ಟ ಮೇಲೂ ಅಲ್ಲೇ ಉಳಿದ. ಅವನು ವಾಪಸು ಬರಲಿಲ್ಲ, ಹಾಗಾಗಿ ಇಲ್ಲಿನ ಟಿವಿಗೆ ಅವನು ಕಥೆಯೇ ಅಲ್ಲ. ನಿಪ್ಪರ್ಟ್ ಹೆಸರೆತ್ತಿದರೆ ನನ್ನ ಇಂಚಾನ್ ಗೆಳೆಯ ಈಗಲೂ ಎದ್ದು ಕೂರುತ್ತಾನೆ. ದೂಸಾನ್ ಅವನಿಗೆ ಎದುರಾಳಿ ತಂಡ ಬೇರೆ!

ಆ ಗೆಳೆಯನಿಗೆ ನಿನ್ನೆ ರಾತ್ರಿಯೇ ಸ್ಕೋರ್ ಕಳಿಸಿದ್ದೆ. ಅವನಿಗೆ ಒಂದೇ ಬೇಜಾರು. ವೈವರ್ನ್ಸ್ ಅನ್ನುವ ತಂಡವೇ ಈಗ ಇಲ್ಲ, 2021ರಲ್ಲಿ ಮಾರಾಟವಾಗಿ ಎಸ್‌ಎಸ್‌ಜಿ ಲ್ಯಾಂಡರ್ಸ್ ಆಗಿದೆ. ಕೆಲ್ಲಿ ಹೆಸರಿನ ಹಳೆ ಜೆರ್ಸಿ ಹಾಕಿಕೊಂಡು ನೋಡಿದನಂತೆ.

ನಾಳೆ ಮೂರನೇ ಪಂದ್ಯ ಇಲ್ಲೇ ಫೀನಿಕ್ಸ್‌ನಲ್ಲಿ. ಟಿಕೆಟ್ ಬೆಲೆ ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ, ಅಜ್ಜನ ಮನೆ ಸೋಫಾ ಸಾಕು. ಅದಕ್ಕೂ ಮುಂಚೆ, ನಮ್ಮ ಗಡಿಯಾರದಲ್ಲಿ ನಡುರಾತ್ರಿ ಎರಡೂವರೆಗೆ, ಕೊರಿಯಾದ ಸುವಾನ್‌ನಲ್ಲಿ ಅಲ್ಲಿನ ಎನ್‌ಸಿ ತಂಡಕ್ಕೆ ಎರಿಕ್ ಫೆಡ್ಡಿ ಎಸೆಯುತ್ತಾನೆ. ಲಾಸ್ ವೇಗಸ್ ಹುಡುಗ. ಕಳೆದ ನವೆಂಬರ್‌ನಲ್ಲಿ ವಾಷಿಂಗ್ಟನ್ ತಂಡ ಕೈಬಿಟ್ಟಿತ್ತು. ಹೊಸ ವಿದೇಶಿ ಆಟಗಾರನಿಗೆ ಅಲ್ಲಿ ಕೊಡಬಹುದಾದ ಗರಿಷ್ಠ ಮೊತ್ತ ಹತ್ತು ಲಕ್ಷ ಡಾಲರ್, ಅಷ್ಟಕ್ಕೇ ಹೋದ. ಈ ಸೀಸನ್‌ನಲ್ಲಿ 20 ಗೆಲುವು, 209 ಸ್ಟ್ರೈಕ್‌ಔಟ್, ಸರಾಸರಿ 2.00. ಗೆಳೆಯ ಲಿಂಕ್ ಕಳಿಸಿದ್ದಾನೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೀಟಿಂಗ್ ಇದೆ, ಆದರೂ ಮೊದಲ ಎರಡು ಇನ್ನಿಂಗ್ಸ್ ನೋಡಿ ಮಲಗುತ್ತೇನೆ.