ಗೀತೆಯಲ್ಲಿ ಕ್ವಾಂಟಮ್ ಹುಡುಕೋದು ನನ್ನ ಕೆಲಸ ಅಲ್ಲ

"ನೀನು ಓದಿದ್ದು ಸೈನ್ಸಾ, ಫಿಲಾಸಫಿನಾ? ಯಾವುದಾದ್ರೂ ಒಂದು ಹೇಳು."

ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ದೊಡ್ಡಪ್ಪ ಕೇಳಿದ್ದು. ವಿಜ್ಞಾನದ ತತ್ತ್ವಶಾಸ್ತ್ರ ಅಂದೆ. "ಓ, ಗೀತೆಯಲ್ಲೇ ಕ್ವಾಂಟಮ್ ಇದೆ ಅಂತಾರಲ್ಲ, ಅದು ತಾನೇ?" ಸಾರು ನೆತ್ತಿಗೆ ಹತ್ತಿತು.

ಅದಲ್ಲ. ಒಂದು ಸಿದ್ಧಾಂತವನ್ನು ವಿಜ್ಞಾನ ಯಾವಾಗ ಒಪ್ಪಬೇಕು, ಯಾವಾಗ ಬಿಡಬೇಕು ಅಂತ ಕೇಳೋದು ನನ್ನ ಕೆಲಸ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಸ್ವಲ್ಪ ಓದಿಕೊಂಡವರದು ಇನ್ನೊಂದು ಕಾಟ. "ಲೆಕ್ಕ ತಪ್ಪಾದ್ರೆ ಸಿದ್ಧಾಂತ ಬಿಸಾಕೋದು, ಅಷ್ಟೇ ಅಲ್ವಾ ವಿಜ್ಞಾನ?" ತತ್ತ್ವಜ್ಞಾನಿ ಕಾರ್ಲ್ ಪಾಪರ್ ಹೆಸರನ್ನೂ ಜೊತೆಗೆ ಸೇರಿಸುತ್ತಾರೆ. ಪಾಪ, ಪಾಪರ್ ಇಷ್ಟು ಸಲೀಸಾಗಿ ಹೇಳಿರಲಿಲ್ಲ. ಆ "ಅಷ್ಟೇ" ಕೇಳಿದರೆ ನನಗೆ ಮೈ ಉರಿಯುತ್ತದೆ.

ಯುರೇನಸ್ ಗ್ರಹ ನ್ಯೂಟನ್ ಲೆಕ್ಕದಂತೆ ಚಲಿಸುತ್ತಿರಲಿಲ್ಲ. ಹಾಗಂತ ಯಾರೂ ನ್ಯೂಟನ್‌ನನ್ನು ಬಿಸಾಕಲಿಲ್ಲ. ಕಾಣದ ಇನ್ನೊಂದು ಗ್ರಹ ಅದನ್ನು ಎಳೆಯುತ್ತಿದೆ ಅಂದರು ಫ್ರಾನ್ಸಿನ ಖಗೋಳಜ್ಞ ಲವೆರಿಯೇ. ಅದು ಎಲ್ಲಿರಬೇಕು ಅಂತ ಲೆಕ್ಕ ಹಾಕಿ ಬರ್ಲಿನ್‌ಗೆ ಪತ್ರ ಬರೆದರು. 1846ರ ಸೆಪ್ಟೆಂಬರ್ 23ರ ರಾತ್ರಿ ಅಲ್ಲಿನ ಖಗೋಳಜ್ಞ ಗಾಲೆ ದೂರದರ್ಶಕ ತಿರುಗಿಸಿದರು. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು.

ಆಮೇಲೆ ಬುಧನ ಸರದಿ. ಅದರ ಕಕ್ಷೆಯೇ ನಿಧಾನವಾಗಿ ತಿರುಗುತ್ತದೆ. ಆ ತಿರುಗುವಿಕೆಯಲ್ಲಿ ಒಂದಿಷ್ಟು ಲೆಕ್ಕಕ್ಕೆ ಸಿಗಲಿಲ್ಲ. ಈಗಿನ ಅಳತೆಯಲ್ಲಿ ನೂರು ವರ್ಷಕ್ಕೆ ಸುಮಾರು 43 ಆರ್ಕ್‌ಸೆಕೆಂಡ್. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಅಂಥ 43 ಪಾಲು! ಲವೆರಿಯೇ ಮತ್ತೆ ಅದೇ ಮದ್ದು ಅರೆದರು: ಸೂರ್ಯನ ಹತ್ತಿರ ಕಾಣದ ಗ್ರಹ ಇದೆ. ವಲ್ಕನ್ ಅಂತ ಹೆಸರೂ ಬಂತು. 1859ರಲ್ಲಿ ಹಳ್ಳಿಯ ಡಾಕ್ಟರೊಬ್ಬರು ನೋಡಿದೆ ಅಂದರು, ಲವೆರಿಯೇ ನಂಬಿದರು. 1877ರಲ್ಲಿ ಸಾಯುವವರೆಗೂ ನಂಬಿದ್ದರು. ಗ್ರಹ ಮಾತ್ರ ಇರಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಸಿದ್ಧಾಂತವನ್ನೇ ಬದಲಿಸಿದಾಗ ಆ ಬಾಕಿ ಚುಕ್ತಾ ಆಯಿತು.

ಅದೇ ಮನುಷ್ಯ, ಅದೇ ಉಪಾಯ. ಒಮ್ಮೆ ಗೆದ್ದರು, ಒಮ್ಮೆ ಸೋತರು. ಲೆಕ್ಕ ಕೂಡದಿದ್ದಾಗ ಗ್ರಹ ಹುಡುಕಬೇಕಾ, ನ್ಯೂಟನ್‌ನನ್ನು ಬಿಡಬೇಕಾ? ಇದನ್ನು ಕೇಳಿ ಸ್ವಾಮಿ, ರಾತ್ರಿಯಿಡೀ ಮಾತಾಡುತ್ತೇನೆ. ಸಿದ್ಧಾಂತ ಒಂಟಿಯಾಗಿ ಪರೀಕ್ಷೆಗೆ ಕೂರುವುದಿಲ್ಲ. ಉಪಕರಣ ಸರಿ ಇದೆ, ಬೇರೆ ಗ್ರಹ ಇಲ್ಲ ಅನ್ನುವಂಥ ಹತ್ತು ನಂಬಿಕೆ ಜೊತೆಗಿರುತ್ತವೆ. ತಪ್ಪು ಯಾರದು ಅಂತ ಆಕಾಶ ಬೊಟ್ಟು ಮಾಡಿ ತೋರಿಸುವುದಿಲ್ಲ. ಫ್ರಾನ್ಸಿನ ಭೌತವಿಜ್ಞಾನಿ ಪಿಯರ್ ಡುಹೆಮ್ ಇದನ್ನು ನೂರು ವರ್ಷಕ್ಕೂ ಮೊದಲೇ ಹೇಳಿದ್ದಾರೆ.

ಇಷ್ಟನ್ನೂ ದೊಡ್ಡಪ್ಪನಿಗೆ ಹೇಳಿದೆ. ಎಲೆ ಮಡಿಸುತ್ತಾ ಕೇಳಿದರು, "ಅಂದ್ರೆ ಆ ವಲ್ಕನ್ನು ಇಲ್ಲ?"

"ಇಲ್ಲ ದೊಡ್ಡಪ್ಪ."

"ಅದನ್ನ ಮೊದಲೇ ಹೇಳಬಾರದಾ?"