ಒತ್ತಕ್ಷರ, ಹಿಂಟಿಂಗ್ ಮತ್ತು ಲಿನಕ್ಸ್ ಪರದೆ

ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಅಕ್ಷರಗಳು ಮಸುಕಾಗಿ ಕಾಣುತ್ತವೆ ಎನ್ನುವವರಿಗೆ ಹಿಂಟಿಂಗ್ ಅನ್ನು 'ಫುಲ್' ಮಾಡಿ ಎಂಬ ಸಲಹೆ ಹಿಂದಿನಿಂದಲೂ ಸಿಗುತ್ತಿದೆ. ಕನ್ನಡ ಓದುವವರಿಗೆ 'ಸ್ಲೈಟ್' ಆಯ್ಕೆಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಅಕ್ಷರದ ಅಂಚುಗಳು ಪಿಕ್ಸೆಲ್ ಚೌಕಗಳಿಗೆ ಹೊಂದಿಕೊಳ್ಳುವಂತೆ ಅವನ್ನು ತುಸು ಸರಿಸುವುದೇ ಹಿಂಟಿಂಗ್. ಲಿನಕ್ಸ್‌ನಲ್ಲಿ ಈ ಕೆಲಸ ಫ್ರೀಟೈಪ್ ಲೈಬ್ರರಿಯದು. 'ಫುಲ್' ಆಯ್ದರೆ ಅದು ಫಾಂಟ್‌ನೊಳಗೆ ಬರೆದಿಟ್ಟ ಸೂಚನೆಗಳನ್ನು ಪಾಲಿಸುತ್ತದೆ. ಆಪಲ್‌ನ ಪೇಟೆಂಟ್‌ಗಳ ಕಾರಣದಿಂದ 2010ರವರೆಗೆ ಈ ಸೌಲಭ್ಯವನ್ನು ಮುಚ್ಚಿಡಲಾಗಿತ್ತು. 2016ರ 2.7 ಆವೃತ್ತಿಯಿಂದೀಚೆಗೆ ಎಡ-ಬಲಕ್ಕೆ ಸಂಬಂಧಿಸಿದ ಸೂಚನೆಗಳನ್ನು ಅದು ಬಹುಪಾಲು ಕಡೆಗಣಿಸುವುದರಿಂದ, ಮೇಲೆ-ಕೆಳಗಿನ ಹೊಂದಾಣಿಕೆಯನ್ನು ಫಾಂಟ್‌ನ ಸೂಚನೆಗಳು ಚೆನ್ನಾಗಿ ಮಾಡುತ್ತವೆಯೋ ಫ್ರೀಟೈಪ್ ತಾನೇ ಚೆನ್ನಾಗಿ ಮಾಡುತ್ತದೆಯೋ ಎಂಬ ಪ್ರಶ್ನೆಯಷ್ಟೇ ಉಳಿದಿದೆ. ಕನ್ನಡ ಫಾಂಟ್‌ಗಳಲ್ಲಿ ಈ ಸೂಚನೆಗಳ ಗುಣಮಟ್ಟ ಒಂದರಂತೆ ಇನ್ನೊಂದರದ್ದಿಲ್ಲ. 'ಸ್ಲೈಟ್' ಆಯ್ದಾಗ ಟ್ರೂಟೈಪ್ ಎಂಬ ಮಾದರಿಯ ಫಾಂಟ್‌ನ ಸೂಚನೆಗಳನ್ನು ಬದಿಗಿಟ್ಟು ಫ್ರೀಟೈಪ್‌ನ ಸ್ವಯಂಚಾಲಿತ ಹಿಂಟರ್ ತಾನೇ ಲೆಕ್ಕ ಹಾಕುತ್ತದೆ, ಮತ್ತು ಅದಕ್ಕೆ ಕನ್ನಡ ಲಿಪಿಯ ಪರಿಚಯವಿದೆ: ಗೆರೆಯ ದಪ್ಪವನ್ನು '೦' ಮತ್ತು '೬' ಅಂಕಿಗಳಿಂದ ಅಳೆದು, ಅಕ್ಷರಗಳ ತಲೆಯನ್ನೂ ಬುಡವನ್ನೂ ತಲಾ ಒಂದು ಸಾಲಿಗೆ ಕೂರಿಸುತ್ತದೆ. ತಲೆಕಟ್ಟುಗಳು ಸಾಲಿನುದ್ದಕ್ಕೂ ಸಮನಾಗಿ ನಿಲ್ಲುವುದು ಇದರಿಂದಲೇ.

ತೊಡಕಿರುವುದು ಒತ್ತಕ್ಷರಗಳಲ್ಲಿ. ಅವುಗಳಿಗೆಂದು ಹಿಂಟರ್‌ನಲ್ಲಿ ಪ್ರತ್ಯೇಕ ಸಾಲಿಲ್ಲ. ಇಂಚಿಗೆ 96 ಪಿಕ್ಸೆಲ್ ಲೆಕ್ಕದಲ್ಲಿ 11 ಪಾಯಿಂಟ್ ಎಂದರೆ ಸುಮಾರು 15 ಪಿಕ್ಸೆಲ್. 'ಸ್ವಾತಂತ್ರ್ಯ' ಎಂಬ ಪದದ ಕೊನೆಯಲ್ಲಿ ತಕಾರದ ಜೊತೆಗೆ ರಕಾರ, ಯಕಾರಗಳ ಎರಡು ಒತ್ತುಗಳೂ ಇಷ್ಟರಲ್ಲೇ ಹಿಡಿಸಬೇಕು. ಒತ್ತುಗಳ ಪಾಲಿಗೆ ಬರುವುದು ನಾಲ್ಕಾರು ಪಿಕ್ಸೆಲ್ ಎತ್ತರ ಮಾತ್ರ, ಹಾಗಾಗಿ ಅವುಗಳ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಬೂದು ಕಲೆಯಂತಾಗುತ್ತವೆ. ಸಬ್‌ಪಿಕ್ಸೆಲ್ ರೆಂಡರಿಂಗ್ (ಪಿಕ್ಸೆಲ್‌ನೊಳಗಿನ ಬಣ್ಣದ ಪಟ್ಟಿಗಳನ್ನೂ ಬಳಸಿ ಅಕ್ಷರ ಮೂಡಿಸುವ ವಿಧಾನ) ಇಲ್ಲಿ ನೆರವಾಗದು, ಏಕೆಂದರೆ ಸಾಮಾನ್ಯ ಪರದೆಗಳಲ್ಲಿ ಕೆಂಪು, ಹಸಿರು, ನೀಲಿ ಪಟ್ಟಿಗಳು ಅಕ್ಕಪಕ್ಕದಲ್ಲಿದ್ದು ಅಡ್ಡಗಲದ ಸ್ಪಷ್ಟತೆಯನ್ನಷ್ಟೇ ಹೆಚ್ಚಿಸುತ್ತವೆ. 'ದ' ಮತ್ತು 'ಧ'ಗಳನ್ನು ಬೇರ್ಪಡಿಸುವ ಸಣ್ಣ ಸೀಳಿಗೆ ಅದರಿಂದ ನಿಜವಾದ ಲಾಭವಿದೆ, ಆದ್ದರಿಂದಲೇ ಲಿನಕ್ಸ್ ಅಪ್ಲಿಕೇಶನ್‌ಗಳ ಕಿಟಕಿ, ಗುಂಡಿಗಳನ್ನು ರೂಪಿಸುವ ಜಿಟಿಕೆ 4 ಲೈಬ್ರರಿ ಆ ವಿಧಾನವನ್ನು ಕೈಬಿಟ್ಟಿರುವುದು ನನಗೆ ಬೇಸರದ ಸಂಗತಿ.

ಒತ್ತುಗಳಿಗೆ ಬೇಕಿರುವುದು ಎತ್ತರ, ಮತ್ತು ಅದನ್ನು ಯಾವ ಹಿಂಟಿಂಗ್ ಕೂಡ ಸೃಷ್ಟಿಸಲಾರದು. ಹೆಚ್ಚು ಸಾಂದ್ರತೆಯ ಪರದೆ ಇಲ್ಲದವರು 'ಸ್ಲೈಟ್' ಅನ್ನು ಹಾಗೆಯೇ ಉಳಿಸಿಕೊಂಡು, ಗ್ನೋಮ್ ಡೆಸ್ಕ್‌ಟಾಪ್‌ನ ಸೆಟ್ಟಿಂಗ್‌ಗಳನ್ನು ಬದಲಿಸುವ ಗ್ನೋಮ್ ಟ್ವೀಕ್ಸ್‌ನಲ್ಲಿ ಅಕ್ಷರಗಳ ಗಾತ್ರದ ಗುಣಕವನ್ನು 1.00ರಿಂದ 1.15ಕ್ಕೆ ಏರಿಸಿ ನೋಡಬಹುದು. 15 ಪಿಕ್ಸೆಲ್ ಇದ್ದದ್ದು ಸುಮಾರು 17 ಆಗುತ್ತದೆ, ಯಕಾರದ ಒತ್ತಿನ ಬಾಲ ರಕಾರದ ಒತ್ತಿನಿಂದ ಬಿಡಿಸಿಕೊಳ್ಳಲು ಜಾಗ ಸಿಗುತ್ತದೆ.