ಚಿಕ್ಕ ಟ್ರೈಮರಾನ್‌ನಲ್ಲಿ ಎವರ್‌ಗ್ಲೇಡ್ಸ್ ಕರಾವಳಿ: ಹೋಗುವವರಿಗೆ ನಮ್ಮ ಆರು ದಿನದ ಅನುಭವ

ಫ್ಲೋರಿಡಾದ ನೈಋತ್ಯ ಮೂಲೆಯಲ್ಲಿ ಚೊಕೊಲೊಸ್ಕೀ ಅಂತ ಒಂದು ಪುಟ್ಟ ದ್ವೀಪದ ಊರಿದೆ. ಅಲ್ಲಿಂದ ದಕ್ಷಿಣದ ಫ್ಲಮಿಂಗೊಗೆ ಸಮುದ್ರದ ಬದಿಯಿಂದ ಹೋದರೆ ಸುಮಾರು 100 ಕಿಲೋಮೀಟರ್. ಮಧ್ಯೆ ಊರಿಲ್ಲ, ರಸ್ತೆಯಿಲ್ಲ, ಕುಡಿಯುವ ನೀರಿಲ್ಲ. ಪೂರ್ತಿ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನ. ನಾನು ಮತ್ತು ಗೆಳೆಯ ಫೆಬ್ರವರಿಯಲ್ಲಿ 17 ಅಡಿಯ ಟ್ರೈಮರಾನ್‌ನಲ್ಲಿ, ಅಂದರೆ ಮೂರು ಮೈಯ ಹಾಯಿದೋಣಿಯಲ್ಲಿ, ಈ ದಾರಿ ಹಿಡಿದೆವು. ನೀವೂ ಹೊರಟಿದ್ದರೆ, ಹೊರಡುವ ಮೊದಲು ನಮಗೆ ಯಾರಾದರೂ ಹೇಳಬೇಕಿತ್ತು ಅನ್ನಿಸಿದ ಮಾತುಗಳನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಒಳಗಿನಿಂದಲೂ ಒಂದು ದಾರಿ ಇದೆ. ವೈಲ್ಡರ್‌ನೆಸ್ ವಾಟರ್‌ವೇ, 99 ಮೈಲಿ. ಅದು ಕಾಂಡ್ಲಾ ಗಿಡಗಳ ನಡುವಿನ ಕಾಲುವೆ, ಹೊಳೆ, ಸಣ್ಣ ಕೊಲ್ಲಿಗಳ ದಾರಿ. ಹುಟ್ಟು ಹಾಕುವವರಿಗೆ ಚೆನ್ನ. ಎರಡೂ ಪಕ್ಕದ ಮೈಗಳನ್ನು ಬಿಚ್ಚಿದರೆ ನಾಲ್ಕು ಮೀಟರ್ ಅಗಲವಾಗುವ ನಮ್ಮ ದೋಣಿಗೆ ಅದು ಸರಿಹೋಗುವುದಿಲ್ಲ. ಹಾಗಾಗಿ ಹೊರಗಿನ ದಾರಿಯೇ.

ಈ ತೀರಕ್ಕೆ ಟ್ರೈಮರಾನ್ ಯಾಕೆ ಅಂತ ಕೇಳುವವರಿದ್ದಾರೆ. ಇಲ್ಲಿ ನೀರು ತೀರಾ ಕಡಿಮೆ. ದಡದಿಂದ ಒಂದು ಕಿಲೋಮೀಟರ್ ಆಚೆಗೂ ಕೆಲವೆಡೆ ಸೊಂಟದ ಮಟ್ಟ ಇರುತ್ತದೆ. ಅಡಿಯಲ್ಲಿ ಸೀಸದ ಭಾರ ಹೊತ್ತ ಸಾಮಾನ್ಯ ಹಾಯಿದೋಣಿ ಹತ್ತಿರ ಬರುವಂತಿಲ್ಲ. ಟ್ರೈಮರಾನ್‌ಗೆ ಆ ಭಾರವೇ ಬೇಡ. ನಡುವಿನ ದೋಣಿ ಕಿರಿದಾಗಿದ್ದು, ಎರಡು ಪಕ್ಕದಲ್ಲಿ ದೂರಕ್ಕೆ ಕಟ್ಟಿದ ಫ್ಲೋಟ್‌ಗಳೇ ಅದನ್ನು ಮಗುಚದಂತೆ ಹಿಡಿದಿಡುತ್ತವೆ. ದೋಣಿ ಪಕ್ಕಕ್ಕೆ ಜಾರದಂತೆ ತಳದಿಂದ ನೀರಿಗೆ ಇಳಿಸುವ ಹಲಗೆ, ಅಂದರೆ ಸೆಂಟರ್‌ಬೋರ್ಡ್, ಎತ್ತಿದರೆ ನಮ್ಮದಕ್ಕೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ನೀರಿದ್ದರೆ ಸಾಕು. ಮೈ ಕಿರಿದು, ಉದ್ದ. ಅಗಲ ದೋಣಿಯಂತೆ ತಾನೇ ಎಬ್ಬಿಸಿದ ಅಲೆಯೊಳಗೆ ಸಿಕ್ಕಿಕೊಳ್ಳುವುದಿಲ್ಲ. ಗಾಳಿ ಪಕ್ಕದಿಂದ ಬಂದಾಗ ಓಡುವ ಓಟ ನೋಡಿದರೆ ಮನಸ್ಸು ತುಂಬುತ್ತದೆ.

ಫ್ಲೋಟ್‌ಗಳು ಮಡಚುವಂಥವು. 1970ರ ದಶಕದಲ್ಲಿ ನ್ಯೂಜಿಲೆಂಡ್ ಮೂಲದ ವಿನ್ಯಾಸಕಾರ ಇಯಾನ್ ಫ್ಯಾರಿಯರ್ ಮಡಚುವ ಟ್ರೈಮರಾನ್ ರೂಪಿಸಿದ ಮೇಲೆ ಇಂಥ ದೋಣಿಯನ್ನು ಕಾರಿನ ಹಿಂದೆ ಟ್ರೈಲರ್‌ನಲ್ಲಿ ಎಳೆದುಕೊಂಡು ಹೋಗುವುದು ಸುಲಭವಾಯಿತು. ಅದಕ್ಕೆ ಮೊದಲು ಕಡಲತೀರದಲ್ಲೇ ಮನೆ ಇದ್ದವರಿಗೆ ಮಾತ್ರ ಈ ಭಾಗ್ಯ ಇತ್ತೇನೋ. ನಾವು ದೋಣಿಯನ್ನು ನೀರಿಗಿಳಿಸುವ ಇಳಿಜಾರಿನಲ್ಲಿ (ರ‍್ಯಾಂಪ್) ಇಳಿಸಿ, ಬಿಚ್ಚಿ, ಹಾಯಿಕಂಬ ನಿಲ್ಲಿಸಲು 50 ನಿಮಿಷ ಹಿಡಿಯಿತು.

ಈಗ ತೂಕದ ಮಾತು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ದೋಣಿ ಸರಿಯಾಗಿ ಓಡಬೇಕಾದರೆ ಜನ, ಸಾಮಾನು ಎಲ್ಲ ಸೇರಿ 230 ಕಿಲೋ ದಾಟಬಾರದು. ನಾವಿಬ್ಬರೇ 140. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಆರು ದಿನ, ಮೇಲೆ ಒಂದು ದಿನ ಹೆಚ್ಚಿಗೆ. ಅಂದರೆ 56 ಕಿಲೋ. ಉಳಿದದ್ದು 34 ಕಿಲೋ. ಅದರಲ್ಲೇ ಟೆಂಟ್, ಆಹಾರ, ಲಂಗರು, ಬಟ್ಟೆ. ಮನೆಯಲ್ಲಿ ತಕ್ಕಡಿ ಇಟ್ಟು ಒಂದೊಂದೇ ಚೀಲ ತೂಗಿದೆವು. ಎರಡು ಚೀಲ ಮನೆಯಲ್ಲೇ ಉಳಿದವು. ನೀರಿನ ಕ್ಯಾನ್‌ಗಳನ್ನು ನಡುವಿನ ದೋಣಿಯ ತಳದಲ್ಲಿ, ಸೆಂಟರ್‌ಬೋರ್ಡಿನ ಹತ್ತಿರ ಇಡಿ. ಫ್ಲೋಟ್ ಒಳಗೆ ಒಂದು ಟವೆಲ್ ಕೂಡ ಬೇಡ. ಕ್ಯಾನ್ ಗಟ್ಟಿ ಪ್ಲಾಸ್ಟಿಕ್‌ನದ್ದೇ ಆಗಿರಲಿ. ಅಲ್ಲಿನ ರಕೂನ್ ಎಂಬ ಸಣ್ಣ ಕಾಡುಪ್ರಾಣಿಗಳಿಗೆ ಸಿಹಿನೀರು ಸಿಗುವುದು ಕಷ್ಟ, ಮೆತ್ತನೆಯ ಚೀಲವನ್ನು ರಾತ್ರಿ ಹರಿದು ಹಾಕುತ್ತವೆ.

ರಾತ್ರಿ ತಂಗಲು ಪರ್ಮಿಟ್ ಬೇಕೇ ಬೇಕು. ಯಾವ ರಾತ್ರಿ ಯಾವ ಜಾಗ ಅಂತ ಅದರಲ್ಲಿ ಬರೆದಿರುತ್ತದೆ. ಕಾರು ಫ್ಲಮಿಂಗೊದಲ್ಲಿ ಮೊದಲೇ ಬಿಟ್ಟುಬನ್ನಿ. ರಸ್ತೆಯಲ್ಲಿ ಸುತ್ತಿ ಬರಲು ಎರಡೂವರೆ ಗಂಟೆಗೂ ಜಾಸ್ತಿ ಬೇಕು.

ಮೊದಲ ರಾತ್ರಿ ಪೆವಿಲಿಯನ್ ಕೀ ಎಂಬ ಪುಟ್ಟ ದ್ವೀಪ. ಆರಾಮದ ದಿನ, ಹೇಳಲು ವಿಶೇಷವಿಲ್ಲ. ಚೊಕೊಲೊಸ್ಕೀಯಿಂದ ಹೊರಗೆ ಬರುವಾಗ ಸಿಂಪಿ ದಿಬ್ಬಗಳನ್ನು ಮಾತ್ರ ನೋಡಿಕೊಳ್ಳಿ. ನಮ್ಮ ಎಡ ಫ್ಲೋಟ್ ಒಂದಕ್ಕೆ ಸವರಿತು, ಅಷ್ಟೇ. ಸಂಜೆ ನೋಡಿದರೆ ಗರಗಸ ಎಳೆದ ಹಾಗೆ ಮೂರು ಗೀರು, ಬಣ್ಣ ಹೋಗಿ ಪ್ಲೈವುಡ್ ಕಾಣುತ್ತಿತ್ತು. ಒಣಗಿಸಿ, ಅಗಲ ಟೇಪ್ ಅಂಟಿಸಿದೆವು. ಫ್ಲಮಿಂಗೊವರೆಗೂ ಬಿಡಲಿಲ್ಲ. ಚುಕ್ಕಾಣಿ ನೆಲಕ್ಕೆ ತಾಗಿದರೆ ತಾನೇ ಮೇಲೇಳುವಂಥದ್ದೇ ಇರಬೇಕು, ಬೇರೆ ಮಾತಿಲ್ಲ.

ಎರಡನೇ ರಾತ್ರಿ ಹೈಲ್ಯಾಂಡ್ ಬೀಚ್. ಇಲ್ಲಿ ನಾವು ತಪ್ಪು ಮಾಡಿದೆವು. ಉಬ್ಬರ ತುಂಬಿದ್ದ ಹೊತ್ತಿಗೆ ಹೋಗಿ, ಸಂತೋಷದಲ್ಲಿ ದಡಕ್ಕೆ ಅಂಟಿಸಿ ಲಂಗರು ಹಾಕಿದೆವು. ಈ ತೀರದಲ್ಲಿ ಉಬ್ಬರ-ಇಳಿತದ ವ್ಯತ್ಯಾಸ ಒಂದು ಮೀಟರ್‌ಗೂ ಜಾಸ್ತಿ. ಬೆಳಿಗ್ಗೆ ಟೆಂಟ್ ಜಿಪ್ ತೆಗೆದರೆ ಸಮುದ್ರವೇ ಇಲ್ಲ! ದೋಣಿ ಬೂದು ಕೆಸರಿನ ಮೇಲೆ ಕೂತಿದೆ, ನೀರು ಎಲ್ಲೋ ದೂರದಲ್ಲಿ ಗೆರೆ ಎಳೆದಂತೆ ಹೊಳೆಯುತ್ತಿದೆ. ಇಳಿದು ನಡೆಯೋಣ ಅಂದರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ. ಏಳಕ್ಕೆ ಹೊರಡಬೇಕಾದವರು ಹನ್ನೆರಡಕ್ಕೆ ಹೊರಟೆವು.

ಆ ಐದು ಗಂಟೆಯ ಬೆಲೆ ಮಧ್ಯಾಹ್ನ ಗೊತ್ತಾಯಿತು. ಚಳಿಗಾಲದಲ್ಲಿ ಇಲ್ಲಿ ಉತ್ತರದಿಂದ ತಣ್ಣನೆ ಗಾಳಿಯ ಅಲೆ ಆಗಾಗ ಬರುತ್ತದೆ. ಕೋಲ್ಡ್ ಫ್ರಂಟ್ ಅನ್ನುತ್ತಾರೆ. ಬರುವ ಮೊದಲು ಗಾಳಿ ದಕ್ಷಿಣಕ್ಕೆ, ಆಮೇಲೆ ನೈಋತ್ಯಕ್ಕೆ ತಿರುಗುತ್ತದೆ. ನಂತರ ಇದ್ದಕ್ಕಿದ್ದಂತೆ ವಾಯವ್ಯದಿಂದ ಜೋರಾಗಿ ಬೀಸುತ್ತದೆ. ಅಮೆರಿಕ ಸರ್ಕಾರದ ಸಂಸ್ಥೆ NOAAದ ಹವಾಮಾನ ರೇಡಿಯೊ, ಸಂಜೆಗೆ ಬರುತ್ತದೆ ಎಂದಿತ್ತು. ನಮ್ಮನ್ನು ಮೂರು ಗಂಟೆಗೇ ಹಿಡಿಯಿತು. ದಿಗಂತದಲ್ಲಿ ಕಪ್ಪು ಪಟ್ಟಿ, ಒಂದು ನಿಮಿಷ ಪೂರ್ತಿ ನಿಶ್ಶಬ್ದ, ಆಮೇಲೆ ಬೆನ್ನಿಗೆ ತಣ್ಣನೆ ಗಾಳಿ.

ದೋಣಿ ಓಡತೊಡಗಿತು. ಅಪಾಯ ಇರುವುದು ಇಲ್ಲೇ. ಒಂಟಿ ಮೈಯ ದೋಣಿ ಗಾಳಿ ಹೆಚ್ಚಾದರೆ ವಾಲುತ್ತದೆ, ಹಾಯಿ ಕುಗ್ಗಿಸು ಅಂತ ನಿಮಗೆ ಹೇಳುತ್ತದೆ. ಟ್ರೈಮರಾನ್ ವಾಲುವುದಿಲ್ಲ. ಬದಲಿಗೆ ಇನ್ನೂ ಜೋರಾಗಿ ಓಡುತ್ತದೆ. ಗಾಳಿಯ ಜೊತೆಗೇ ಓಡುವುದರಿಂದ ಮುಖಕ್ಕೆ ತಾಗುವ ಗಾಳಿಯೂ ಕಡಿಮೆ. 20 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಗಾಳಿಯಲ್ಲಿ 9 ನಾಟ್ ಓಡುತ್ತಿದ್ದರೆ ನಿಮಗೆ ತಾಗುವುದು 11. ಎಲ್ಲ ಸರಿಯಿದೆ ಅನ್ನಿಸುತ್ತದೆ. ನಮಗೂ ಹಾಗೇ ಅನ್ನಿಸಿತು. ಒಂದು ಅಲೆಯ ಇಳಿಜಾರಿನಲ್ಲಿ ಎಡ ಫ್ಲೋಟಿನ ಮೂತಿ ನೀರೊಳಗೆ ಹೋಯಿತು. ಫ್ಲೋಟನ್ನು ನಡುವಿನ ದೋಣಿಗೆ ಕಟ್ಟುವ ಮುಂದಿನ ಅಡ್ಡಮರದವರೆಗೂ ಹಸಿರು ನೀರು. ಬ್ರೇಕ್ ಹಾಕಿದಂತೆ ದೋಣಿ ನಿಂತಿತು, ಹಿಂಭಾಗ ಎದ್ದಿತು. ಗೆಳೆಯ ದೋಣಿಗೂ ಫ್ಲೋಟಿಗೂ ನಡುವೆ ಕಟ್ಟಿದ ಬಲೆಯ ಮೇಲೆ ತೆವಳಿಕೊಂಡು ಹಿಂದೆ ಬಂದ. ನಾನು ಹಾಯಿಯ ಹಗ್ಗ ಪೂರ್ತಿ ಬಿಟ್ಟೆ. ಹಿಂಗಾಳಿಯಲ್ಲಿ ಹಗ್ಗ ಬಿಟ್ಟರೂ ದೊಡ್ಡ ಹಾಯಿ ಖಾಲಿಯಾಗುವುದಿಲ್ಲ, ಕಂಬದ ಪಕ್ಕದ ತಂತಿಗೆ ಒರಗಿ ತುಂಬಿಕೊಂಡೇ ಇರುತ್ತದೆ. ಗೆಳೆಯನ ತೂಕ ಹಿಂದೆ ಬಂದದ್ದರಿಂದಲೇ ಮೂತಿ ಮೇಲೆದ್ದಿತು. ದೊಡ್ಡ ಹಾಯಿ ಪೂರ್ತಿ ಇಳಿಸಿ, ಬರೀ ಜಿಬ್‌ನಲ್ಲಿ, ಅಂದರೆ ಮುಂದಿನ ಸಣ್ಣ ಹಾಯಿಯಲ್ಲಿ, ಹೋದೆವು. ಆಗಲೂ ಆರು ನಾಟ್!

ಮಗುಚಿದರೆ ಈ ದೋಣಿ ತಲೆಕೆಳಗಾಗಿಯೂ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ, ತಾನಾಗಿ ಏಳುವುದಿಲ್ಲ. ಹಾಗಾಗಿ ಈಗ ನಮ್ಮ ಲೆಕ್ಕ ಇದು: ಗಾಳಿ 12 ನಾಟ್ ಆದರೆ ಒಂದು ರೀಫ್ (ದೊಡ್ಡ ಹಾಯಿಯನ್ನು ಒಂದು ಹಂತ ಕುಗ್ಗಿಸುವುದು), 16ಕ್ಕೆ ಎರಡು, 20ಕ್ಕೆ ಬರೀ ಜಿಬ್. ನಿಜವಾದ ಗಾಳಿಯನ್ನೇ ಅಳೆಯಬೇಕು, ಮುಖಕ್ಕೆ ತಾಗುವುದನ್ನಲ್ಲ. ಕಪ್ಪು ಪಟ್ಟಿ ಕಂಡರೆ ಲೆಕ್ಕವೂ ಬೇಡ, ಇಳಿಸಿಬಿಡಿ. ಲೈಫ್ ಜಾಕೆಟ್ ಮೈಮೇಲೇ ಇರಲಿ, ದೋಣಿಗಳವರು ಮಾತಾಡಲು ಬಳಸುವ ವಿಎಚ್‌ಎಫ್ ರೇಡಿಯೊ ಅದಕ್ಕೆ ಕಟ್ಟಿರಲಿ. ತುರ್ತಿಗೆ ಚಾನೆಲ್ 16. ಫೋನ್ ಸಿಗ್ನಲ್ ಬಹುಪಾಲು ದಾರಿಯಲ್ಲಿ ಇಲ್ಲ.

ಶಾರ್ಕ್ ನದಿಯ ಬಾಯಿಯ ಹತ್ತಿರ ಗ್ರೇವ್‌ಯಾರ್ಡ್ ಕ್ರೀಕ್‌ನಲ್ಲಿ ಎರಡು ರಾತ್ರಿ ಕಾದೆವು. ಗಾಳಿಗೆ ಒಳ್ಳೆಯ ಮರೆ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ನೊಣಗಳು ಕಚ್ಚಿ ಸಾಯಿಸುತ್ತವೆ. ಸಾಮಾನ್ಯ ಸೊಳ್ಳೆಪರದೆಯ ಕಣ್ಣಲ್ಲಿ ಅವು ನುಗ್ಗುತ್ತವೆ, ತೀರಾ ಸಣ್ಣ ಕಣ್ಣಿನದೇ ತನ್ನಿ.

ಐದನೇ ದಿನವನ್ನು ನಾನು ಮರೆಯುವುದಿಲ್ಲ. ಗಾಳಿ ಈಶಾನ್ಯಕ್ಕೆ ತಿರುಗಿ, ನೆಲದ ಕಡೆಯಿಂದ ಬರುತ್ತಿತ್ತು. ಕೇಪ್ ಸೇಬಲ್ ಭೂಶಿರದ ಉದ್ದಕ್ಕೂ ನೀರು ಹಾಸಿದ ಬಟ್ಟೆಯಂತೆ. ಮಿಡಲ್ ಕೇಪ್‌ನಲ್ಲಿ ದಡ ಪೂರ್ತಿ ಚಿಪ್ಪು, ಕಡಿದಾದ ಇಳಿಜಾರು. ದೋಣಿ ಎಳೆಯಲು ಗಾಳಿ ತುಂಬುವ ಎರಡು ಫೆಂಡರ್ (ದೋಣಿಯ ಬದಿ ಉಜ್ಜದಂತೆ ಕಟ್ಟುವ ಮೆತ್ತೆ) ಅಡಿಯಲ್ಲಿಟ್ಟು ಉರುಳಿಸಿ, ತಳಕ್ಕೆ ಗೀರು ಬೀಳುವುದಿಲ್ಲ.

ಕೊನೆಯ ದಿನ ಈಸ್ಟ್ ಕೇಪ್ ಸುತ್ತಿ ಪೂರ್ವಕ್ಕೆ ತಿರುಗಿದರೆ ಅದೇ ಗಾಳಿ ಎದುರು. ನೀರು ಕಡಿಮೆ, ಸೆಂಟರ್‌ಬೋರ್ಡ್ ಅರ್ಧವೇ ಇಳಿಯುತ್ತದೆ, ದೋಣಿ ಪಕ್ಕಕ್ಕೆ ಜಾರುತ್ತದೆ. ಹಗುರ ದೋಣಿ, ದಿಕ್ಕು ಬದಲಿಸುವಾಗ ನಡುವೆಯೇ ನಿಂತುಬಿಡುತ್ತದೆ. ಜಿಬ್ಬನ್ನು ಒಂದೆರಡು ಕ್ಷಣ ಹಳೆಯ ಬದಿಯಲ್ಲೇ ಹಿಡಿದಿಟ್ಟರೆ ಮೂತಿ ತಿರುಗುತ್ತದೆ. ಬರೀ 15 ಕಿಲೋಮೀಟರ್‌ಗೆ ಐದು ಗಂಟೆ ಹಿಡಿಯಿತು. ಈ ತುಂಡಿಗೆ ಪೂರ್ತಿ ಒಂದು ದಿನ ಇಟ್ಟುಕೊಳ್ಳಿ, ಎರಡು ಪ್ಯಾಡಲ್ ಕೈಗೆ ಸಿಗುವಂತಿರಲಿ.

ಫ್ಲಮಿಂಗೊ ರ‍್ಯಾಂಪ್ ಮುಟ್ಟಿದಾಗ ಪಕ್ಕದ ದಡದಲ್ಲಿ ಒಂದು ಮೊಸಳೆ ಬಾಯಿ ತೆರೆದು ಬಿಸಿಲು ಕಾಯಿಸುತ್ತಿತ್ತು. ನಾವು ದೋಣಿಯಲ್ಲೇ ಕೂತು, ಕ್ಯಾನ್‌ನಲ್ಲಿ ಉಳಿದಿದ್ದ ಕೊನೆಯ ನೀರು ಹಂಚಿಕೊಂಡು ಕುಡಿದೆವು. ಮೊಸಳೆ ನೀರಿಗೆ ಜಾರಿ ದೂರ ಹೋದ ಮೇಲೆ ಟ್ರೈಲರ್ ತರಲು ಇಳಿದೆವು.